ಹೊಳೆ ಬರುವ ಮುನ್ನಿನ ಕೆಲಸ

ನರಗುಂದ, ರೋಣ, ಗಜೇಂದ್ರಗಡ ಎಂಬ ಮೂರು ತಾಲೂಕುಗಳನ್ನು ಪಶ್ಚಿಮದಿಂದ ಪೂರ್ವಕ್ಕೆ ಹಾಯ್ದು ಬಂದವನಿಗೆ, ಇಷ್ಟು ಕಿರಿದಾದ ಭೂಭಾಗದಲ್ಲಿ ಪ್ರಕೃತಿಯು ಎಷ್ಟು ಬಗೆಯ ವಿಪತ್ತುಗಳನ್ನು ಒಂದರ ಮಗ್ಗುಲಲ್ಲೊಂದು ಇರಿಸಿದೆಯೆಂಬುದು ವಿಶದವಾಗುತ್ತದೆ. ಲಖಮಾಪುರ, ಕೊಣ್ಣೂರುಗಳಲ್ಲಿ ಜನ ಶ್ರಾವಣ ಬಂತೆಂದರೆ ಮಲಪ್ರಭೆಯ ನೀರಿನ ಏರಿಳಿತವನ್ನೇ ನೋಡುತ್ತ ಕುಳಿತಿರುತ್ತಾರೆ. ಅಲ್ಲಿಂದ ಕೆಲವೇ ಹರಿದಾರಿ ದೂರದ ನರಗುಂದ ಪಟ್ಟಣದ ಹಳೆಯ ಓಣಿಗಳಲ್ಲಿ, ಮಲಗಿದ ನೆಲವೇ ಕುಸಿದೀತೆಂಬ ಶಂಕೆಯಿಂದ ರಾತ್ರಿ ಕಳೆದವರಿದ್ದಾರೆ. ರೋಣದ ಎರೆಯ ಸೀಮೆಯ ಮೆಣಸಗಿ, ಹೊಳೆಆಲೂರುಗಳ ಕಡೆ ಹೊಳೆಯೊಡನೆ ಹಳ್ಳವೂ ಕೂಡಿ ಬರುತ್ತದೆ. ಗಜೇಂದ್ರಗಡದ ಗುಡ್ಡದ ಆಸುಪಾಸಿನಲ್ಲಾದರೋ ಬೇಸಿಗೆ ಬಂತೆಂದರೆ ಒಂದು ಕೊಡ ಕುಡಿಯುವ ನೀರೇ ದೊಡ್ಡ ಚಿಂತೆ.

ಇವುಗಳಲ್ಲಿ ಯಾವುದೂ ಅನಿರೀಕ್ಷಿತವಾದುದಲ್ಲ. ಆಶ್ಲೇಷಾ ಮಳೆಯ ಕಾಲದಲ್ಲಿ ಘಟ್ಟದ ನೀರು ಬರುವುದನ್ನೂ, ಹಸ್ತಾ ಮಳೆಯ ಕಾಲದಲ್ಲಿ ಬಯಲಿನ ಹಳ್ಳ ತುಂಬುವುದನ್ನೂ ಈ ಸೀಮೆಯ ರೈತನು ಪಂಚಾಂಗ ಬಲ್ಲಷ್ಟೇ ಖಚಿತವಾಗಿ ಬಲ್ಲನು. ಆದರೂ ನಮ್ಮ ಸಾರ್ವಜನಿಕ ಜೀವನದಲ್ಲಿ ವಿಪತ್ತಿನ ಮಾತು ಪ್ರಾರಂಭವಾಗುವುದು ನೀರು ಇಳಿದ ಮೇಲೆಯೇ: ಪಂಚನಾಮೆ, ಗಂಜಿ ಕೇಂದ್ರ, ಮಂತ್ರಿಗಳ ಭೇಟಿ, ಪರಿಹಾರದ ಮೊತ್ತ, ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವರ ಧರಣಿ. ಪರಿಹಾರವನ್ನು ಕೇಳುವುದು ಸರ್ವಥಾ ನ್ಯಾಯವಾದುದು. ಮನೆ ಕಳೆದುಕೊಂಡವನಿಗೆ ಅದು ಭಿಕ್ಷೆಯಲ್ಲ, ಹಕ್ಕು. ಆದರೆ ಪರಿಹಾರವನ್ನು ಕೇಳಿದಷ್ಟೇ ಗಟ್ಟಿಯಾದ ದನಿಯಲ್ಲಿ ನಾವು ಪೂರ್ವಸಿದ್ಧತೆಯನ್ನು ಕೇಳಿದವರಲ್ಲ, ನಮ್ಮ ಪಾಲಿಗೆ ಬರುವ ಸಿದ್ಧತೆಯನ್ನು ನಾವೇ ಮಾಡಿಕೊಂಡವರೂ ಅಲ್ಲ ಎಂಬುದು ನನ್ನನ್ನು ಬಹುಕಾಲದಿಂದ ಬಾಧಿಸುತ್ತಿರುವ ವಿಷಯ. ವೈಶಾಖದಲ್ಲಿ ಹೊಲವನ್ನು ಹರಗಿ, ಬೀಜವನ್ನು ಆರಿಸಿ ಇಟ್ಟುಕೊಳ್ಳುವ ಒಕ್ಕಲಿಗನಂತೆ, ಊರೂ ತನ್ನ ಮಳೆಗಾಲಕ್ಕೆ ವೈಶಾಖದಲ್ಲಿಯೇ ಅಣಿಯಾಗಬೇಕು. ಅದು ವರ್ಷವರ್ಷವೂ ತಪ್ಪದೆ ನಡೆಯುವ ಗ್ರಾಮಕಾರ್ಯವಾಗಬೇಕು.

ನೀರಿನ ಸ್ವಭಾವವನ್ನು ಮೊದಲು ತಿಳಿಯೋಣ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಸವದತ್ತಿಯ ಸಮೀಪ ನವಿಲುತೀರ್ಥದ ಅಣೆಕಟ್ಟಿನಲ್ಲಿ ತಂಗಿ, ಅಲ್ಲಿಂದ ನರಗುಂದ, ರೋಣ, ಬಾದಾಮಿಗಳ ಸೀಮೆಯನ್ನು ಸವರಿಕೊಂಡು ಹೋಗಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ಜಲಾಶಯವು ಹಿಡಿಯುವುದು 37 ಟಿಎಂಸಿಗೆ ತುಸು ಮಿಕ್ಕಿದ ನೀರು. ಅದು ತುಂಬದೆ ಕಳೆದ ವರ್ಷಗಳೂ ಬಹಳ. ಹಾಗೆ ಹೊಳೆ ಸೊರಗಿದ ವರ್ಷಗಳಲ್ಲಿ ದಂಡೆಯ ಭೂಮಿ ಉಳುಮೆಗೆ ಒಳಗಾಯಿತು, ಜಾಲಿಯ ಕಂಟಿ ಪಾತ್ರದೊಳಕ್ಕೆ ಇಳಿಯಿತು, ಹೂಳು ನಿಂತಿತು. ಪಾತ್ರ ಹೀಗೆ ಕಿರಿದಾದ ಹೊಳೆಗೆ, ಘಟ್ಟದ ಮಳೆ ಒಮ್ಮೆಲೇ ಸುರಿದು ಅಣೆಕಟ್ಟಿನ ಗೇಟುಗಳನ್ನು ತೆರೆಯಲೇಬೇಕಾಗಿ ಬಂದಾಗ, ನೀರನ್ನು ತನ್ನೊಳಗೆ ಇಟ್ಟುಕೊಳ್ಳುವ ಶಕ್ತಿಯೇ ಉಳಿದಿರುವುದಿಲ್ಲ. 2019ರ ಆಗಸ್ಟಿನಲ್ಲಿ ಆದದ್ದು ಇದೇ: ಲಖಮಾಪುರ ಸುತ್ತಲೂ ನೀರು ನಿಂತು ನಡುಗಡ್ಡೆಯಾಯಿತು, ಕೊಣ್ಣೂರಿನ ಬಳಿ ಹುಬ್ಬಳ್ಳಿ–ವಿಜಯಪುರದ ಹೆದ್ದಾರಿಯೇ ಮುಳುಗಿತು. ಮರುವರ್ಷದ ಆಗಸ್ಟಿನಲ್ಲಿ ಲಖಮಾಪುರಕ್ಕೆ ಮತ್ತೆ ಅದೇ ಗತಿ ಬಂದಿತು.

ಬೆಣ್ಣೆಹಳ್ಳದ ರೀತಿ ಬೇರೆ. ಹುಬ್ಬಳ್ಳಿಯ ದಕ್ಷಿಣದ ಸೀಮೆಯಲ್ಲಿ ಹುಟ್ಟಿ, ನವಲಗುಂದದ ಎರೆ ಬಯಲನ್ನು ಹಾಯ್ದು, ರೋಣ ತಾಲೂಕಿನಲ್ಲಿ ಮಲಪ್ರಭೆಯನ್ನು ಕೂಡುವ ಈ ಹಳ್ಳಕ್ಕೆ ಅಣೆಕಟ್ಟೂ ಇಲ್ಲ, ಗೇಟೂ ಇಲ್ಲ. ಆದುದರಿಂದ ಇಂತಿಷ್ಟು ಗಂಟೆಗೆ ಇಂತಿಷ್ಟು ನೀರು ಬರುತ್ತದೆಂದು ಮುನ್ಸೂಚನೆ ಕೊಡುವ ಅಧಿಕಾರಿಯೂ ಇಲ್ಲ. ಮೆಣಸಗಿಯಲ್ಲಿ ಆಕಾಶ ನಿರ್ಮಲವಾಗಿರುವಾಗಲೇ ಹುಬ್ಬಳ್ಳಿಯ ಕಡೆ ಸುರಿದ ಮಳೆ ಇಲ್ಲಿಗೆ ಬಂದು ತಲುಪಬಹುದು. ಹೊಳೆಯ ನೀರಿಗೆ ಮುನ್ಸೂಚನೆಯುಂಟು, ಹಳ್ಳದ ನೀರಿಗೆ ಮೇಲಿನ ಮಳೆಯ ಸುದ್ದಿಯೇ ಮುನ್ಸೂಚನೆ. ಈ ಸುದ್ದಿ ಇಲ್ಲದೆ ಇಲ್ಲ. ಬರದ ನಿಗಾಕ್ಕೆಂದು 1988ರಲ್ಲಿ ಪ್ರಾರಂಭವಾಗಿ ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂದು ಹೆಸರಾಗಿರುವ ಸಂಸ್ಥೆಯು ರಾಜ್ಯದ ಗ್ರಾಮ ಪಂಚಾಯತಿಗಳವರೆಗೆ ಮಳೆಮಾಪಕಗಳನ್ನು ನೆಟ್ಟಿದೆ. ಅವು ತಾವಾಗಿಯೇ ಮಳೆಯ ಲೆಕ್ಕವನ್ನು ಬೆಂಗಳೂರಿಗೆ ಕಳಿಸುತ್ತವೆ. ಬೆಂಗಳೂರು ಬಲ್ಲ ಸಂಗತಿಯನ್ನು ಹಳ್ಳದ ದಂಡೆಯ ಮುದುಕಿ ಅದೇ ರಾತ್ರಿ ಅರಿಯುವಂತೆ ಮಾಡುವುದು ಹೇಗೆಂಬುದೇ ನಮ್ಮ ಮುಂದಿನ ಕಾರ್ಯ. ಅದಕ್ಕೆ ಮೊಬೈಲಿನ ಸಂದೇಶವೊಂದೇ ಸಾಲದು, ಏಕೆಂದರೆ ಬಿರುಮಳೆಯ ರಾತ್ರಿ ಮೊದಲು ಹೋಗುವುದು ವಿದ್ಯುತ್ತು, ಅದರ ಹಿಂದೆಯೇ ಮೊಬೈಲಿನ ಸಂಪರ್ಕ. ಗುಡಿಯ ಮೈಕು, ಮಸೀದಿಯ ಮೈಕು, ಡಂಗುರ, ಓಣಿಗೊಬ್ಬ ಗೊತ್ತುಪಡಿಸಿದ ತರುಣ—ಇವೆಲ್ಲ ಇರಬೇಕು. ಶಾಲೆಯ ಗೋಡೆಯ ಮೇಲೆ 2009ರ ನೀರು ಇಲ್ಲಿಯವರೆಗೆ, 2019ರ ನೀರು ಇಲ್ಲಿಯವರೆಗೆ ಎಂದು ಬಣ್ಣದ ಗೆರೆ ಬರೆದಿಡಬೇಕು. ಮುಂದಿನ ತಲೆಮಾರಿನ ಹುಡುಗನಿಗೆ ಅದಕ್ಕಿಂತ ಉತ್ತಮವಾದ ಭೂಗೋಳದ ಪಾಠವಿಲ್ಲ.

2009ನ್ನು ಕುರಿತು ಒಂದು ಮಾತನ್ನು ವಿಸ್ತಾರವಾಗಿಯೇ ಹೇಳಬೇಕಾಗಿದೆ. ಆ ವರ್ಷದ ಸೆಪ್ಟೆಂಬರ್ ಕಡೆಯಲ್ಲಿಯೂ ಅಕ್ಟೋಬರ್ ಮೊದಲಿನಲ್ಲಿಯೂ ಉತ್ತರ ಕರ್ನಾಟಕದಲ್ಲಿ ಬಿದ್ದ ಮಳೆಗೆ ಇನ್ನೂರಕ್ಕೂ ಮಿಕ್ಕಿ ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಅನೇಕರು ಹೊಳೆಯಲ್ಲಿ ಕೊಚ್ಚಿಹೋದವರಾಗಿರದೆ, ತಮ್ಮ ಮನೆಯ ಗೋಡೆಯ ಕೆಳಗೆ ಸಿಕ್ಕವರು. ನಮ್ಮ ಮಾಳಿಗೆಯ ಮನೆಯನ್ನು ಬಲ್ಲವರಿಗೆ ಇದರ ಕಾರಣ ತಿಳಿಯುತ್ತದೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ತೊಲೆ ಜಂತೆ, ಜಂತೆಯ ಮೇಲೆ ವರ್ಷಕ್ಕೊಮ್ಮೆ ಹರಡುತ್ತ ಬಂದ ಕರಲು ಮಣ್ಣಿನ ಹೊದಿಕೆ. ಬಿಸಿಲಿನ ಹತ್ತು ತಿಂಗಳು ಇದಕ್ಕಿಂತ ತಂಪಾದ, ಸುಖವಾದ ಮನೆ ಇನ್ನೊಂದಿಲ್ಲ. ಆದರೆ ಜಿಟಿಜಿಟಿ ಮಳೆ ಮೂರು ನಾಲ್ಕು ದಿನ ಬಿಡದೆ ಹಿಡಿದರೆ ಮಾಳಿಗೆಯ ಮಣ್ಣು ನೀರನ್ನು ಕುಡಿದು ಭಾರವಾಗುತ್ತದೆ, ಗೋಡೆಯ ಬುಡ ನೆನೆದು ಮೆತ್ತಗಾಗುತ್ತದೆ, ಅಡಿಯ ಎರೆಮಣ್ಣು ಉಬ್ಬುತ್ತದೆ. ಬೀಳುವ ಮನೆ ಬೀಳುವ ಮುನ್ನ ತಿಳಿಸುತ್ತದೆ: ಮೂಲೆಯಲ್ಲಿ ಬಿರುಕು ಬಾಯಿಬಿಡುತ್ತದೆ, ಗೋಡೆ ಹೊಟ್ಟೆ ಬಿಡುತ್ತದೆ, ಬಾಗಿಲು ಚೌಕಟ್ಟಿಗೆ ಕೂಡದೆ ನಿಲ್ಲುತ್ತದೆ, ರಾತ್ರಿಯ ಹೊತ್ತು ಜಂತೆಯ ಸಂದಿನಿಂದ ಹಾಸಿಗೆಯ ಮೇಲೆ ಮಣ್ಣು ಉದುರುತ್ತದೆ. ಈ ಲಕ್ಷಣಗಳನ್ನು ಬಲ್ಲ ಗೌಂಡಿ ಪ್ರತಿಯೊಂದು ಊರಿನಲ್ಲಿಯೂ ಇದ್ದಾನೆ. ಮಳೆಗಾಲಕ್ಕೆ ಮುಂಚೆ ಅಂಥ ಇಬ್ಬರನ್ನು ಕರೆದುಕೊಂಡು ಪಂಚಾಯತಿಯವರು ಮನೆಮನೆಗೆ ಹೋಗಿ, ಮಲಗಲು ಯೋಗ್ಯವಲ್ಲದ ಗೋಡೆಗಳನ್ನು ಗುರುತು ಹಾಕಿ, ಆ ಕುಟುಂಬಗಳು ಬಿರುಮಳೆಯ ರಾತ್ರಿಗಳಲ್ಲಿ ಎಲ್ಲಿ ಮಲಗತಕ್ಕದ್ದೆಂಬುದನ್ನು ಮೊದಲೇ ನಿಶ್ಚಯಿಸಿದರೆ, ಹೆಚ್ಚಿನ ಖರ್ಚಿಲ್ಲದೆ ಎಷ್ಟೋ ಜೀವಗಳು ಉಳಿದಾವು.

ಆ ನೆರೆಯ ತರುವಾಯ ಸರ್ಕಾರವೂ ದಾನಿಗಳೂ ಸೇರಿ ದಂಡೆಯ ಗ್ರಾಮಗಳಿಗಾಗಿ ಎತ್ತರದ ಜಾಗಗಳಲ್ಲಿ ಆಸರೆ ಮನೆಗಳನ್ನು ಕಟ್ಟಿಸಿದರು. ಆ ಕಾರ್ಯದ ಹಿಂದಿನ ಔದಾರ್ಯವನ್ನು ನಾನು ಕಡೆಗಣಿಸಲಾರೆ. ಆದರೂ ಅನೇಕ ಮನೆಗಳು ಬಾಗಿಲು ಹಾಕಿಕೊಂಡೇ ಉಳಿದು, ಅಂಗಳದಲ್ಲಿ ಜಾಲಿ ಬೆಳೆದದ್ದುಂಟು. ಜನ ಹಳೆಯ ಊರಿನಲ್ಲಿಯೇ ಉಳಿದು 2019ರಲ್ಲಿ ಮತ್ತೆ ನೀರಿಗೆ ಸಿಕ್ಕರು. ಇದನ್ನು ಜನರ ಹಟವೆಂದು ಬಗೆಯುವುದು ತಪ್ಪು. ಎತ್ತು ಎಮ್ಮೆಗಳಿಗೆ ಕೊಟ್ಟಿಗೆಯಿಲ್ಲದ, ಹೊಟ್ಟು ಮೇವು ಒಟ್ಟಲು ಹಿತ್ತಿಲಿಲ್ಲದ, ಹೊಲದಿಂದ ದೂರವಾದ, ಕೂಡುಕುಟುಂಬಕ್ಕೆ ಸಾಲದ ಎರಡು ಕೋಣೆಗಳ ಮನೆಗೆ ಒಕ್ಕಲುತನದ ಕುಟುಂಬ ಹೇಗೆ ಹೋದೀತು? ಮನೆ ಕಟ್ಟುವ ಮುನ್ನ ಆ ಮನೆಯಲ್ಲಿ ಬಾಳಬೇಕಾದ ಹೆಂಗಸನ್ನು ಕರೆದು ಕೇಳಿದ್ದರೆ ಇಷ್ಟು ಧನವ್ಯಯ ನಿಷ್ಫಲವಾಗುತ್ತಿರಲಿಲ್ಲ.

ದನಕರುಗಳ ಮಾತು ಬಂದುದರಿಂದ ಹೇಳುತ್ತೇನೆ: ಮನೆ ಬಿಡಿರೆಂದು ಅಧಿಕಾರಿಗಳು ಅಂಗಲಾಚಿದರೂ ಜನ ಕಡೆಯ ಗಳಿಗೆಯವರೆಗೆ ಕದಲದಿರುವುದಕ್ಕೆ ಕೊರಳ ಹಗ್ಗ ಬಿಚ್ಚಿ ಬಿಟ್ಟುಬರಲಾಗದ ಆ ಮೂಕ ಜೀವಗಳೇ ಮುಖ್ಯ ಕಾರಣ. ಅದರ ಮೇಲೆ ಆಗಸ್ಟಿನಲ್ಲಿ ಹೆಸರು ಕೊಯ್ಲಿಗೆ ಬಂದಿರುತ್ತದೆ. ಕೈಗೆ ಬಂದ ಪೀಕನ್ನು ಬಿಟ್ಟು ಯಾರು ಹೊರಟಾರು? ಆದುದರಿಂದ ಆಶ್ರಯಕೇಂದ್ರವೆಂದರೆ ಜನರಿಗೊಂದು ಶಾಲೆಯ ಕೋಣೆ ಮಾತ್ರವಾಗಕೂಡದು. ಎತ್ತರದ ಒಂದು ಬಯಲು, ದನಗಳಿಗೆ ಗೂಟ, ಮೇವಿನ ಬಣವೆ, ಕಾಳಿನ ಚೀಲಗಳನ್ನು ಇಡಲು ಒಂದು ಒಣ ಜಾಗ—ಇವೂ ಅದರೊಳಗೆ ಸೇರಬೇಕು.

ವಿಪತ್ತು ನಿರ್ವಹಣೆಗೆಂದು ದೇಶದಲ್ಲಿ 2005ರ ಕಾಯಿದೆಯಿದೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ, ದೋಣಿಯೊಡನೆ ಬರುವ ರಕ್ಷಣಾ ಪಡೆಗಳಿವೆ. ಇವೆಲ್ಲ ಬರುವುದು ನಿಜ. ಆದರೆ ದಾರಿಗಳು ಮುಳುಗಿರುವ ಮೊದಲನೆಯ ರಾತ್ರಿ ಊರಿಗೆ ಊರೇ ಗತಿ. ಆ ರಾತ್ರಿಗೆ ಬೇಕಾದ ಜ್ಞಾನವು ಈಗಾಗಲೇ ಊರಿನ ಆಶಾ ಕಾರ್ಯಕರ್ತೆಯ ವಹಿಯಲ್ಲಿದೆ. ಯಾರಿಗೆ ದಿನ ತುಂಬಿದೆ, ಯಾರು ಕ್ಷಯದ ಮಾತ್ರೆ ನುಂಗುತ್ತಿದ್ದಾರೆ, ಯಾರಿಗೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ನು ತಪ್ಪಕೂಡದು, ಯಾರು ವಾರಕ್ಕೆ ಎರಡು ಸಲ ಡಯಾಲಿಸಿಸ್ಸಿಗೆ ಹೋಗುತ್ತಾರೆ, ಯಾವ ಮನೆಯಲ್ಲಿ ಎದ್ದು ನಡೆಯಲಾಗದ ಮುದುಕನಿದ್ದಾನೆ—ಇವನ್ನು ಅವಳಷ್ಟು ಚೆನ್ನಾಗಿ ಬಲ್ಲ ಅಧಿಕಾರಿ ಜಿಲ್ಲಾಕೇಂದ್ರವಾದ ಗದುಗಿನಲ್ಲಿಲ್ಲ. ಅಣೆಕಟ್ಟಿನ ನೀರು ಬಿಡುವ ಸುದ್ದಿ ಬಂದೊಡನೆ ಈ ಪಟ್ಟಿಯವರನ್ನು ಮೊದಲು ಸಾಗಿಸಬೇಕು. ಪ್ರಸವದ ದಿನ ಸಮೀಪಿಸಿದವರನ್ನಂತೂ ಹಳ್ಳ ಏರುವ ಮುನ್ನವೇ ತಾಲೂಕಿನ ಆಸ್ಪತ್ರೆಯ ಊರಿಗೆ ಕಳಿಸಬೇಕು.

ಈಗ ನೀರು ಇಳಿದ ಮೇಲಿನ ಮಾತು. ರೋಗವು ಬರುವುದು ಆಮೇಲೆ, ಮಂತ್ರಿಗಳೂ ಪತ್ರಕರ್ತರೂ ಹೋದ ಮೇಲೆ. ನೆರೆಯ ನೀರಿನಲ್ಲಿ ಚರಂಡಿ, ಶೌಚದ ಗುಂಡಿ, ಸತ್ತ ಪ್ರಾಣಿ, ತಿಪ್ಪೆ ಎಲ್ಲವೂ ಕರಗಿರುತ್ತವೆ. ಅದು ಕುಡಿಯುವ ನೀರಿನ ಪೈಪಿನ ಬಿರುಕಿನಲ್ಲಿಯೂ ಕೊಳವೆಬಾವಿಯ ಬಾಯಿಯಲ್ಲಿಯೂ ನುಗ್ಗಿರುತ್ತದೆ. ವಾಂತಿಭೇದಿ ಎರಡು ಮೂರು ದಿನದಲ್ಲಿ ಕಾಣಿಸಿಕೊಂಡರೆ, ವಿಷಮಶೀತಜ್ವರವು ಒಂದೆರಡು ವಾರದ ಮೇಲೆ ಬರುತ್ತದೆ. ನೀರಿನಿಂದ ಹರಡುವ ಕಾಮಾಲೆಯು ತಿಂಗಳು ಕಳೆದ ಮೇಲೆಯೂ ಬರಬಹುದು, ಅದರಲ್ಲಿಯೂ ‘ಇ’ ಬಗೆಯ ಕಾಮಾಲೆಯು ತುಂಬಿದ ಬಸುರಿಗೆ ಪ್ರಾಣಾಂತಿಕವಾಗಬಲ್ಲದು. ಗಂಜಿ ಕೇಂದ್ರ ಮುಚ್ಚಿ ಎಲ್ಲವೂ ಸರಿಹೋಯಿತೆಂದು ನಾವು ನಿಟ್ಟುಸಿರುಬಿಟ್ಟ ಹೊತ್ತಿಗೆ ಅದು ಬರುತ್ತದೆ. ಕೆಸರಿನಲ್ಲಿ ಬರಿಗಾಲಲ್ಲಿ ನಿಂತು ಮನೆ ಬಳಿಯುವವರಿಗೆ, ಕಾಲಿನ ಬಿರುಕುಗಳ ಮೂಲಕ ಇಲಿಜ್ವರ ತಗಲುತ್ತದೆ. ಜ್ವರ, ಮೀನಖಂಡಗಳ ನೋವು, ಕಣ್ಣು ಕೆಂಪು ಕಂಡಾಗ ಸಾಧಾರಣ ಜ್ವರವೆಂದು ಕಾಯದೆ ವೈದ್ಯರಲ್ಲಿಗೆ ಹೋಗಬೇಕು, ನೆರೆಯ ಕೆಸರಿನಲ್ಲಿ ದುಡಿದೆನೆಂಬುದನ್ನು ತಪ್ಪದೆ ತಿಳಿಸಬೇಕು. ಬಿಲಗಳಲ್ಲಿ ನೀರು ತುಂಬಿದ್ದರಿಂದ ಹಾವುಗಳು ಮನೆಯ ಮೂಲೆ, ಕಟ್ಟಿಗೆಯ ರಾಶಿಗಳಿಗೆ ಬರುತ್ತವೆ. ಹಾವು ಕಚ್ಚಿದ ಜಾಗವನ್ನು ಕೊಯ್ಯುವುದು, ಬಿಗಿದು ಕಟ್ಟುವುದು, ನಾಟಿ ಮದ್ದಿಗೆಂದು ಹೊತ್ತು ಕಳೆಯುವುದು ಇವು ಮೂರೂ ಅನರ್ಥಕಾರಿ; ಪ್ರತಿವಿಷವಿರುವ ಆಸ್ಪತ್ರೆಗೆ ಬೇಗನೆ ಒಯ್ಯುವುದೊಂದೇ ಮಾರ್ಗ. ಕರ್ನಾಟಕವು 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಸ್ವಾಗತಾರ್ಹ. ಯಾವ ಊರಿನ ಯಾವ ದಾರಿ ಮುಳುಗಿದರೆ ಯಾವ ಆಸ್ಪತ್ರೆಗೆ ಹೋಗತಕ್ಕದ್ದೆಂಬುದನ್ನೂ ಮೊದಲೇ ಗೊತ್ತುಮಾಡಿ ಪಂಚಾಯತಿಯ ಗೋಡೆಯ ಮೇಲೆ ಬರೆದರೆ ಆ ಘೋಷಣೆ ನಮ್ಮ ಸೀಮೆಯಲ್ಲಿ ಸಾರ್ಥಕವಾದೀತು.

ನೀರಿನಿಂದ ಹರಡುವ ರೋಗಗಳ ನಿವಾರಣೆಗೆ ಬೇಕಾದ ವಸ್ತುಗಳು ಅಲ್ಪವಾದವು. ಸಾವಿರ ಲೀಟರ್ ನೀರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರು ಸುಮಾರು ಎರಡೂವರೆ ಗ್ರಾಂ ಸಾಕು, ನೆರೆಯ ಕೊಳೆ ಬೆರೆತ ನೀರಿಗೆ ತುಸು ಹೆಚ್ಚು ಬೇಕು. ಹಾಕಿದ ಮೇಲೆ ಒಂದು ಗಂಟೆ ಬಿಟ್ಟು ಕುಡಿಯಬೇಕು. ಆದರೆ ಬಾಯಿ ತೆರೆದ ಚೀಲವನ್ನು ಪಂಚಾಯತಿಯ ತೇವದ ಕೋಣೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಅದರೊಳಗಿನ ಕ್ಲೋರಿನ್ ಹಾರಿಹೋಗಿ ಬರಿಯ ಸುಣ್ಣದ ಪುಡಿ ಉಳಿಯುತ್ತದೆ. ಅದನ್ನು ಟಾಕಿಗೆ ಸುರಿದ ನೀರಗಂಟಿಯು ತನ್ನ ಕರ್ತವ್ಯವನ್ನು ಮಾಡಿದೆನೆಂದೇ ನಂಬಿರುತ್ತಾನೆ, ಊರೂ ನಂಬುತ್ತದೆ. ಆದಕಾರಣ ಮಳೆಗಾಲಕ್ಕೆ ಹೊಸ ಚೀಲ ಬರಬೇಕು, ನಲ್ಲಿಯ ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ನೋಡುವ ಸಣ್ಣ ಪೆಟ್ಟಿಗೆಯನ್ನು ಬಳಸಲು ಹೈಸ್ಕೂಲಿನ ಮಕ್ಕಳಿಗೆ ಕಲಿಸಬೇಕು. ಭೇದಿಯಾದ ಮಗುವಿಗೆ ಕೊಡುವ ಓಆರ್‌ಎಸ್ ಪೊಟ್ಟಣ ಸಿಗದಿದ್ದಲ್ಲಿ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ತುಂಬಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಎಂಬುದನ್ನು ಪ್ರತಿ ಮನೆಯ ತಾಯಿಯೂ ಬಾಯಿಪಾಠವಾಗಿ ಬಲ್ಲವಳಾಗಬೇಕು.

ನಮ್ಮ ಹಿರಿಯರಿಗೆ ಈ ಬಗೆಯ ಸಿದ್ಧತೆ ಪರಕೀಯವಾಗಿರಲಿಲ್ಲ. 1898ರಲ್ಲಿ ಹುಬ್ಬಳ್ಳಿಯ ಕಡೆ ಪ್ಲೇಗು ಹಬ್ಬಿದಾಗಲೂ ಅದರ ಅನಂತರದ ವರ್ಷಗಳಲ್ಲಿಯೂ, ಮನೆಯಲ್ಲಿ ಇಲಿ ಬಿದ್ದವೆಂದರೆ ಊರಿಗೆ ಊರೇ ಹೊಲಗಳಿಗೆ ಹೋಗಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿತ್ತು. ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಹಾಫ್‌ಕಿನ್ ಕಂಡುಹಿಡಿದ ಚುಚ್ಚುಮದ್ದನ್ನು, ಅದು ಇನ್ನೂ ಹೊಸದಾಗಿದ್ದ ಆ ಕಾಲದಲ್ಲಿಯೇ, ಹಾಕಿಸಿಕೊಂಡರು. ಲಕ್ಷಣವನ್ನು ಗುರುತಿಸುವುದು, ಎಲ್ಲರೂ ಒಂದಾಗಿ ಕದಲುವುದು, ಯಾವಾಗ ತಿರುಗಿ ಬರಬೇಕೆಂದು ಊರು ಕೂಡಿ ತೀರ್ಮಾನಿಸುವುದು—ಈ ಶಿಸ್ತನ್ನು ಯಾವ ಇಲಾಖೆಯೂ ಅವರಿಗೆ ಕಲಿಸಿರಲಿಲ್ಲ, ಅನುಭವ ಕಲಿಸಿತ್ತು.

ನರಗುಂದ ಪಟ್ಟಣದ ಸಂಗತಿಯು ಬೇರೆ ತೆರನಾದದ್ದು. ಅದಕ್ಕೆ ಹಿಂದಿನ ಅನುಭವದ ನೆರವೂ ಕಡಿಮೆ. ಜೋಳವನ್ನು ಕೂಡಿಡಲು ಈ ಸೀಮೆಯವರು ಮನೆಯೊಳಗೂ ಬೀದಿಯಲ್ಲಿಯೂ ಆಳವಾದ ಹಗೇವುಗಳನ್ನು ತೋಡುತ್ತಿದ್ದರು. ಒಬ್ಬನು ಇಳಿಯುವಷ್ಟು ಕಿರಿದಾದ ಬಾಯಿ, ಒಳಗೆ ಕೋಣೆಯಂತೆ ಅಗಲವಾದ ಹೊಟ್ಟೆ, ಬಾಯಿಗೊಂದು ಹಾಸುಗಲ್ಲು. ಬರಗಾಲದಲ್ಲಿ ಕುಲವನ್ನು ಉಳಿಸಿದ ಆ ಹಗೇವುಗಳು ಬಳಕೆ ತಪ್ಪಿ, ಮೇಲೆ ಮನೆಗಳೆದ್ದು, ಎಲ್ಲಿದ್ದವೆಂಬುದೇ ಮರೆತುಹೋಯಿತು. ಕಾಲುವೆಯ ನೀರಾವರಿ ಬಂದು ಪಟ್ಟಣದ ಅಡಿಯ ಅಂತರ್ಜಲ ಮೇಲೇರಿದ ಮೇಲೆ, ನೆಲ ಒಳಗೊಳಗೇ ನೆನೆದು, ಕೆಲವು ಓಣಿಗಳಲ್ಲಿ ಅಕಸ್ಮಾತ್ತಾಗಿ ಗುಂಡಿ ಬೀಳುವುದು, ಗೋಡೆ ಬಿರಿಯುವುದು, ಮನೆಯ ನೆಲದಲ್ಲಿ ನೀರು ಜಿನುಗುವುದು ಸಂಭವಿಸಿದೆ. ತಜ್ಞರು ಬಂದು ನೋಡಿಹೋದರೆ ಸಾಲದು. ಓಣಿಯ ಹಿರಿಯರನ್ನು ಕೂಡಿಸಿ, ನಿಮ್ಮ ಅಜ್ಜನ ಕಾಲದ ಹಗೇವು ಎಲ್ಲಿತ್ತೆಂದು ಕೇಳಿ, ನಕಾಶೆಯ ಮೇಲೆ ಗುರುತು ಹಾಕುವ ಕೆಲಸವನ್ನು ಆ ಹಿರಿಯರು ಇರುವಾಗಲೇ ಮಾಡಬೇಕು. ಸಿಕ್ಕ ಹಗೇವುಗಳನ್ನು ಕ್ರಮವಾಗಿ ತುಂಬಿಸಬೇಕು, ಪಟ್ಟಣದ ಅಡಿಯ ನೀರನ್ನು ಬಸಿದು ಹೊರಹಾಕುವ ದಾರಿ ಮಾಡಬೇಕು.

ಗಜೇಂದ್ರಗಡದ ಕಡೆಯ ವಿಪತ್ತು ಸದ್ದಿಲ್ಲದೆ ಬರುವಂಥದು, ಆದುದರಿಂದಲೇ ಅದಕ್ಕೆ ಸುದ್ದಿಯ ಗೌರವ ಕಡಿಮೆ. 1876ರ ಧಾತು ಸಂವತ್ಸರದ ಬರವು ಈ ಸೀಮೆಯನ್ನು ಹಾಳುಗೆಡವಿದ ಕಥೆಯನ್ನು ಹಳಬರ ಬಾಯಲ್ಲಿ ಕೇಳಿದವರು ನಾವು. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಸಾರಲ್ಪಟ್ಟವು. ಮಳೆ ಕೈಕೊಟ್ಟಂತೆಲ್ಲ ಕೊಳವೆಬಾವಿಗಳು ಆಳಕ್ಕೆ ಇಳಿಯುತ್ತವೆ, ಆಳದ ಬಂಡೆಯ ನೀರಿನಲ್ಲಿ ಫ್ಲೋರೈಡು ಹೆಚ್ಚುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನು ವರ್ಷಾನುವರ್ಷ ಕುಡಿದ ಮಕ್ಕಳ ಹಲ್ಲಿನಲ್ಲಿ ಮೊದಲು, ದೊಡ್ಡವರ ಎಲುಬು ಕೀಲುಗಳಲ್ಲಿ ಆಮೇಲೆ ಅದು ಬರೆದುಕೊಳ್ಳುತ್ತದೆ. ನೀರು ವಾರಕ್ಕೊಮ್ಮೆ ಬರುವ ಊರಿನಲ್ಲಿ ಜನ ಬ್ಯಾರಲ್ಲು, ಹಂಡೆಗಳಲ್ಲಿ ತುಂಬಿಡುತ್ತಾರೆ. ಮುಚ್ಚದ ಆ ನೀರಿನಲ್ಲಿ ಡೆಂಗಿಯ ಸೊಳ್ಳೆಯು ಮೊಟ್ಟೆಯಿಂದ ರೆಕ್ಕೆ ಬರುವವರೆಗಿನ ತನ್ನ ಬೆಳವಣಿಗೆಯನ್ನು ವಾರ ಹತ್ತು ದಿನಗಳಲ್ಲಿ ಮುಗಿಸುತ್ತದೆ. ವಾರಕ್ಕೊಂದು ದಿನ ಪಾತ್ರೆಗಳನ್ನು ಬರಿದುಮಾಡಿ ತಿಕ್ಕಿ ಒಣಗಿಸಬೇಕೆಂಬ ಬುದ್ಧಿವಾದ ಸರಿಯಾದುದೇ. ಆದರೆ ನಾಳೆ ನೀರು ಬರುವ ಭರವಸೆಯಿಲ್ಲದ ಗೃಹಿಣಿಗೆ ತುಂಬಿದ ಬ್ಯಾರಲ್ಲನ್ನು ಚೆಲ್ಲೆಂದು ಹೇಳುವ ಮುನ್ನ, ನೀರು ಬರುವ ದಿನವನ್ನು ನಿಯತಗೊಳಿಸುವುದು ಪುರಸಭೆಯ ಧರ್ಮ. ಇನ್ನು ಏಪ್ರಿಲ್, ಮೇ ತಿಂಗಳ ಅಡ್ಡಮಳೆಯಲ್ಲಿ ಗುಡ್ಡದ ಕುರಿಗಾಹಿಗಳ ಮೇಲೆ ಬೀಳುವ ಸಿಡಿಲು. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ತಲುಪಬಲ್ಲ ದೂರದಲ್ಲಿದ್ದೇವೆಂದೇ ತಿಳಿದು ಒಂಟಿ ಮರದ ಬುಡವನ್ನು ಬಿಡಬೇಕು, ಕಡೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾಯಬೇಕು. ಸಿಡಿಲು ಬಡಿದವನ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಮುಟ್ಟಲು ಅಂಜದೆ, ಉಸಿರು ನಿಂತಿದ್ದರೆ ಎದೆಯನ್ನು ಒತ್ತುತ್ತ ಆಸ್ಪತ್ರೆಗೆ ಸಾಗಿಸಿದರೆ ಬದುಕಿಸಬಹುದು.

ಒಡಿಶಾ ಕರಾವಳಿಯಲ್ಲಿ 1999ರ ಮಹಾಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಬಲಿಯಾದರು. 2013ರಲ್ಲಿ ಫೈಲಿನ್ ಚಂಡಮಾರುತ ಅದೇ ಕರಾವಳಿಗೆ ಅಪ್ಪಳಿಸಿದಾಗ ಸತ್ತವರ ಸಂಖ್ಯೆ ಹತ್ತುಗಳಲ್ಲಿ ನಿಂತಿತು. ಈ ನಡುವೆ ಆಶ್ರಯಗೃಹಗಳು ಎದ್ದಿದ್ದವು, ಊರೂರಿನಲ್ಲಿ ತರುಣರು ತರಬೇತಿ ಹೊಂದಿದ್ದರು, ಯಾರನ್ನು ಯಾರು ಕರೆದೊಯ್ಯಬೇಕೆಂಬುದು ನಿಶ್ಚಿತವಾಗಿತ್ತು. ಬಡ ಜನರೇ ಅದನ್ನು ಸಾಧಿಸಿದರು. ನಮ್ಮ ನಾಡಿನವರಿಗೆ ಸಂಘಟನೆಯ ಶಕ್ತಿ ಇಲ್ಲವೆಂದು ಹೇಳುವವರು ಯಾರು? 1980ರಲ್ಲಿ ನೀರಿನ ಕರದ ವಿರುದ್ಧ ಎದ್ದು ರಾಜ್ಯದ ರಾಜಕೀಯವನ್ನೇ ಅಲುಗಿಸಿದವರು ನರಗುಂದದ ರೈತರು. 2015ರಿಂದ ಮಹದಾಯಿ ನದಿಯ ನೀರಿಗಾಗಿ ವರ್ಷಗಟ್ಟಲೆ ಧರಣಿ ಕುಳಿತವರೂ ಅವರೇ. ಬಾರದ ನೀರಿಗಾಗಿ ಇಷ್ಟು ದೃಢವಾಗಿ ಕೂಡಬಲ್ಲ ಜನ, ಬರಲಿರುವ ನೀರಿಗಾಗಿ ವರ್ಷಕ್ಕೊಮ್ಮೆ ಕೂಡಲಾರರೆಂದು ನಾನು ನಂಬಲಾರೆ.

ಹಾಗೆ ಕೂಡುವ ಸ್ಥಾನ ಗ್ರಾಮಸಭೆ. ಕಾಲ ಮೇ ತಿಂಗಳು. ಆಶಾ ಕಾರ್ಯಕರ್ತೆಯ ಪಟ್ಟಿ, ಗೌಂಡಿಯು ಗುರುತು ಹಾಕಿದ ಗೋಡೆಗಳು, ದನಕರುಗಳ ಬಯಲು, ಹೊಸ ಬ್ಲೀಚಿಂಗ್ ಚೀಲ, ಓಣಿಯ ತರುಣರ ಹೆಸರು—ಇವನ್ನು ಸಭೆಯಲ್ಲಿ ಓದಿಸಿ ನಡಾವಳಿಯ ಪುಸ್ತಕದಲ್ಲಿ ಬರೆಯಿಸಬೇಕು, ಅದರ ಪ್ರತಿಯನ್ನು ತಹಸೀಲ್ದಾರರ ಕಚೇರಿಗೂ ತಾಲೂಕು ಆರೋಗ್ಯಾಧಿಕಾರಿಗಳಿಗೂ ಮುಟ್ಟಿಸಿ ಪೋಚು ಪಡೆಯಬೇಕು. ಇದಕ್ಕೆ ತಗಲುವ ಹಣವನ್ನು ಪಂಚಾಯತಿಯು ತನ್ನ ವಾರ್ಷಿಕ ಕ್ರಿಯಾಯೋಜನೆಯಲ್ಲಿಯೇ ಎತ್ತಿಡಬೇಕು. ಹಾಗೆ ಎತ್ತಿಡದ ಪಂಚಾಯತಿಯ ಸದಸ್ಯರನ್ನು, ಮನೆಯ ಹಕ್ಕುಪತ್ರವನ್ನು ಕೇಳುವ ಗಟ್ಟಿತನದಿಂದಲೇ, ಆ ಸಭೆಯಲ್ಲಿಯೇ ಎದ್ದು ನಿಂತು ಕೇಳಬೇಕು.